ಧರ್ಮಾಧ್ಯಕ್ಷ ಸಂತ ಅಲ್ಫೋನ್ಸಸ್ ಲಿಗೋರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್ 1ರ ಹಬ್ಬ ಹತ್ತಿರ ಬಂದಂತೆ ಈ ಸಂತರ ಬಗ್ಗೆ ವಿಚಾರಿಸುವವರು ಹೆಚ್ಚಾಗುತ್ತಾರೆ. ಧರ್ಮೋಪದೇಶದ ತರಗತಿಯ ಮಕ್ಕಳು, ಮಕ್ಕಳಿಗೆ ಅಲ್ಫೋನ್ಸ್ ಎಂದು ಹೆಸರಿಟ್ಟ ತಾಯಂದಿರು, ಪಾದ್ರಿಗಳಾಗಲು ಗುರುಮಠದಲ್ಲಿ ಓದುತ್ತಿರುವ ಹುಡುಗರು, ಕ್ರೈಸ್ತರಲ್ಲದ ಸ್ನೇಹಿತರು, ಹೀಗೆ ಎಲ್ಲರೂ ಕೇಳಿದವುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಮೊದಲ ಪರಿಚಯ

ಅಲ್ಫೋನ್ಸಸ್ ಲಿಗೋರಿ ಅಂದರೆ ಯಾರು? ಎರಡು ಮಾತಿನಲ್ಲಿ ಹೇಳಿ.

ಇಟಲಿಯ ದಕ್ಷಿಣ ಭಾಗದಲ್ಲಿದ್ದ ನೇಪಲ್ಸ್ ರಾಜ್ಯದ ಕಥೋಲಿಕ ಧರ್ಮಾಧ್ಯಕ್ಷರು, ಅಂದರೆ ಬಿಷಪ್. ಹುಟ್ಟಿದ್ದು 1696ರ ಸೆಪ್ಟೆಂಬರ್ 27ರಂದು, ತೀರಿಕೊಂಡದ್ದು 1787ರ ಆಗಸ್ಟ್ 1ರಂದು. ಮೊದಲು ವಕೀಲರಾಗಿದ್ದರು, ಆಮೇಲೆ ಗುರು, ಅಂದರೆ ಪಾದ್ರಿ, ಆದರು. 1732ರಲ್ಲಿ ಹಳ್ಳಿಯ ಬಡವರಿಗೆ ಬೋಧಿಸುವ ಗುರುಗಳ ರೆಡೆಂಪ್ಟರಿಸ್ಟ್ ಸಭೆಯನ್ನು ಕಟ್ಟಿದರು. 1762ರಿಂದ 1775ರವರೆಗೆ ಸಾಂತ್ ಆಗಾತ ದೇ ಗೋತಿ ಎಂಬ ಪುಟ್ಟ ಧರ್ಮಕ್ಷೇತ್ರವನ್ನು, ಅಂದರೆ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶವನ್ನು, ನೋಡಿಕೊಂಡರು. ಚಿಕ್ಕವು ದೊಡ್ಡವು ಸೇರಿ 111 ಕೃತಿಗಳನ್ನು ಬರೆದರು.

ಕೇರಳದ ಸಂತ ಅಲ್ಫೋನ್ಸಾ ಮತ್ತು ಇವರು ಒಂದೇನಾ?

ಅಲ್ಲ. ಭರಣಂಗಾನಂನ ಸಂತ ಅಲ್ಫೋನ್ಸಾ 20ನೇ ಶತಮಾನದ ಕನ್ಯಾಸ್ತ್ರೀ. ಆದರೆ ಹೆಸರಿನ ನಂಟು ನಿಜವಾದದ್ದೇ. ಮಠ ಸೇರಿದ ಅವರು 1928ರ ಆಗಸ್ಟ್ 2ರಂದು ಮುಸುಕು ಪಡೆದಾಗ ಆ ಹೆಸರನ್ನು ತೆಗೆದುಕೊಂಡರು. ಆಗಿನ ಪಂಚಾಂಗದಲ್ಲಿ ಅಲ್ಫೋನ್ಸಸ್ ಲಿಗೋರಿಯವರ ಹಬ್ಬ ಬರುತ್ತಿದ್ದುದು ಅದೇ ದಿನ.

ದೊಡ್ಡ ಮನೆತನದವರಂತೆ, ಹೌದಾ?

ಹೌದು. ತಂದೆ ಜ್ಯುಸೆಪ್ಪೆ ರಾಜರ ಹಡಗುಪಡೆಯ ಅಧಿಕಾರಿ, ಬಲು ಶಿಸ್ತಿನ ಮನುಷ್ಯ. ತಾಯಿ ಆನ್ನಾ ಕವಾಲಿಯೇರಿ. ಊರು ನೇಪಲ್ಸ್ ಪಕ್ಕದ ಮರಿಯನೆಲ್ಲ. ಹಿರಿಯ ಮಗನಾದ್ದರಿಂದ ಮನೆತನದ ಹೆಸರು ಉಳಿಸುವ ಭಾರ ಇವರ ಮೇಲೇ ಇತ್ತು. ಮನೆಯಲ್ಲೇ ಪಾಠ, ಸಂಗೀತ, ಚಿತ್ರಕಲೆ ಎಲ್ಲವೂ ಆಯಿತು. ಹಾರ್ಪ್ಸಿಕಾರ್ಡ್ ವಾದ್ಯವನ್ನು ಚೆನ್ನಾಗಿ ನುಡಿಸುತ್ತಿದ್ದರು. ಮುಂದೆ 1754ರಲ್ಲಿ ಅವರು ಬರೆದ ಕ್ರಿಸ್ಮಸ್ ಗೀತೆಯೊಂದನ್ನು ಇಟಲಿಯ ಮನೆಮನೆಗಳಲ್ಲಿ ಇವತ್ತಿಗೂ ಹಾಡುತ್ತಾರೆ. 1713ರ ಜನವರಿಯಲ್ಲಿ ನಾಗರಿಕ ಕಾನೂನು ಮತ್ತು ಧರ್ಮಸಭೆಯ (ಚರ್ಚಿನ) ಕಾನೂನು ಎರಡರಲ್ಲೂ ಡಾಕ್ಟರೇಟ್ ಬಂತು. ಆಗಿನ್ನೂ 16 ವರ್ಷ. ವಯಸ್ಸು ಸಾಲದೆಂದು ವಿಶೇಷ ವಿನಾಯಿತಿ ಪಡೆಯಬೇಕಾಯಿತು.

ಒಂದು ಕೇಸು ಸೋತದ್ದಕ್ಕೇ ವಕೀಲಿಕೆ ಬಿಟ್ಟರಾ?

ಸೋತದ್ದು ನಿಜ. 1723ರಲ್ಲಿ ಓರ್ಸಿನಿ ಮನೆತನಕ್ಕೂ ಟಸ್ಕನಿಯ ಮಹಾಡ್ಯೂಕ್‌ಗೂ ಆಸ್ತಿ ವ್ಯಾಜ್ಯ ನಡೆದಿತ್ತು. ಆ ಕಾಲದ ನಾಣ್ಯವಾದ ಡ್ಯುಕಾಟ್‌ನಲ್ಲಿ ಸುಮಾರು 5 ಲಕ್ಷದ ಆಸ್ತಿ. ಅಲ್ಫೋನ್ಸಸ್ ಓರ್ಸಿನಿ ಪರ ನಿಂತಿದ್ದರು. ಅಲ್ಲಿಯವರೆಗೆ ಸೋಲನ್ನೇ ಕಾಣದ ವಕೀಲರು ಎಂದು ಹೆಸರಾಗಿದ್ದವರು. ಹಳೆಯ ಜೀವನಚರಿತ್ರೆಗಳ ಪ್ರಕಾರ, ಮುಖ್ಯ ದಾಖಲೆಯೊಂದನ್ನು ಅವರು ಹಲವು ಸಲ ಓದಿದ್ದರೂ ಅದರ ಅರ್ಥವನ್ನೇ ತಲೆಕೆಳಗು ಮಾಡುವ ಒಂದು ಅಂಶ ಕಣ್ಣು ತಪ್ಪಿತ್ತು, ಎದುರಿನ ವಕೀಲರು ಅದನ್ನು ತೋರಿಸಿದಾಗ ಇವರು ಅಲ್ಲೇ ಕುಸಿದರು. ಪ್ರಭಾವಿಗಳ ಒತ್ತಡವೇ ತೀರ್ಪನ್ನು ತಿರುಗಿಸಿತು ಎನ್ನುವ ಇತಿಹಾಸಕಾರರೂ ಇದ್ದಾರೆ. ನನಗೆ ಎರಡನೆಯದೇ ಹೆಚ್ಚು ಸರಿಯೆನಿಸುತ್ತದೆ. ಬರೀ ಕೈತಪ್ಪಿಗೆ ಮನುಷ್ಯ ನ್ಯಾಯಾಲಯದ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುವುದಿಲ್ಲ.

ಆದರೆ ಕಾರಣವನ್ನು ಆ ಸೋಲೊಂದಕ್ಕೇ ಕಟ್ಟಬಾರದು. ಅದಕ್ಕೂ ಎಷ್ಟೋ ಮುಂಚಿನಿಂದ ಅವರು ನೇಪಲ್ಸ್‌ನ ವಾಸಿಯಾಗದ ರೋಗಿಗಳ ಆಸ್ಪತ್ರೆಗೆ ಹೋಗಿ ಹಾಸಿಗೆ ಹಿಡಿದವರ ಸೇವೆ ಮಾಡುತ್ತಿದ್ದರು. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಅದೇ ಆಸ್ಪತ್ರೆಯಲ್ಲಿ ದೇವರ ಕರೆ ಕೇಳಿಸಿತೆಂದು ಅವರು ನಂಬಿದ್ದರು. ಅಲ್ಲಿಂದ ನೇರವಾಗಿ ಮಾತೆ ಮರಿಯಳ ದೇವಾಲಯಕ್ಕೆ ನಡೆದು, ಕುಲೀನರ ಗುರುತಾದ ತಮ್ಮ ಕತ್ತಿಯನ್ನು ಪೀಠದ ಮೇಲಿಟ್ಟುಬಿಟ್ಟರು. ತಂದೆಗೆ ಇದನ್ನು ಅರಗಿಸಿಕೊಳ್ಳಲು ಬಹಳ ಕಾಲ ಬೇಕಾಯಿತು.

## ಗುರುದೀಕ್ಷೆಯ ನಂತರ

ಗುರುವಾದ ಮೇಲೆ ನೇಪಲ್ಸ್‌ನಲ್ಲಿ ಏನು ಮಾಡುತ್ತಿದ್ದರು?

1726ರ ಡಿಸೆಂಬರ್ 21ರಂದು, 30ನೇ ವಯಸ್ಸಿನಲ್ಲಿ, ಗುರುದೀಕ್ಷೆಯಾಯಿತು. ಆಗಿನ ಪ್ರಬೋಧನೆಗಳು ಅಲಂಕಾರದ ಭಾಷಣಗಳು. ಇವರ ಪ್ರಬೋಧನೆ ಮಾತ್ರ ಅಕ್ಷರ ಬಾರದ ಮುದುಕಿಗೂ ತಿಳಿಯುವಂತಿತ್ತು. ಕೂಲಿಗಳು, ಗಾಡಿ ಹೊಡೆಯುವವರು, ಬೀದಿಯ ಬಡವರು ಸಂಜೆ ಕೆಲಸ ಮುಗಿಸಿ ಬಂದು ಸುತ್ತ ಕೂರುತ್ತಿದ್ದರು. ಮೊದಮೊದಲು ಬಯಲಿನಲ್ಲಿ, ಆಮೇಲೆ ಅಂಗಡಿಗಳಲ್ಲಿ, ಮನೆಗಳಲ್ಲಿ, ಪುಟ್ಟ ಗುಡಿಗಳಲ್ಲಿ ಈ ಕೂಟ ನಡೆಯಿತು. ಜನ ಇವನ್ನು ಸಂಜೆಯ ಪ್ರಾರ್ಥನಾಲಯಗಳು ಎಂದು ಕರೆದರು.

ಇವುಗಳನ್ನು ನಡೆಸುತ್ತಿದ್ದವರು ಗುರುಗಳಲ್ಲ, ಆ ಬಡವರೇ. ಅದಕ್ಕೇ ಅನುಮಾನವೂ ಹುಟ್ಟಿತು. ರಾತ್ರಿ ಹೊತ್ತು ಗುಂಪು ಸೇರಿ ಏನು ಬೋಧಿಸುತ್ತಾರೋ ಎಂದು ಅಧಿಕಾರಿಗಳು ಕೆಲವರನ್ನು ಹಿಡಿದುಕೊಂಡೂ ಹೋದರು. ವಿಚಾರಣೆಯಲ್ಲಿ ತಪ್ಪೇನೂ ಸಿಗಲಿಲ್ಲ. ಅಲ್ಫೋನ್ಸಸ್ ಸಾಯುವ ಹೊತ್ತಿಗೆ ಇಂಥ 70ಕ್ಕೂ ಹೆಚ್ಚು ಪ್ರಾರ್ಥನಾಲಯಗಳಿದ್ದವು. ಶ್ರೀಸಾಮಾನ್ಯರ ಕೈಗೆ ಕೆಲಸ ಒಪ್ಪಿಸುವ ಈ ಧೈರ್ಯ ಆ ಕಾಲಕ್ಕೆ ಅಪರೂಪದ್ದು.

ಪಟ್ಟಣದಲ್ಲಿದ್ದವರು ಬೆಟ್ಟಕ್ಕೆ ಯಾಕೆ ಹೋದರು? ರೆಡೆಂಪ್ಟರಿಸ್ಟ್ ಸಭೆ ಹುಟ್ಟಿದ್ದು ಹೇಗೆ?

1730ರಲ್ಲಿ ದುಡಿದು ಸುಸ್ತಾಗಿದ್ದ ಅವರನ್ನು ವೈದ್ಯರು ವಿಶ್ರಾಂತಿಗೆ ಕಳಿಸಿದರು. ಗೆಳೆಯರೊಂದಿಗೆ ಅಮಾಲ್ಫಿ ಕರಾವಳಿಯ ಮೇಲಿರುವ ಸ್ಕಾಲ ಎಂಬ ಊರಿನ ಬೆಟ್ಟಕ್ಕೆ ಹೋದರು. ಅಲ್ಲಿ ಮೇಕೆ ಕಾಯುವವರು ಇವರನ್ನು ನೋಡಿ ಹತ್ತಿರ ಬಂದರು. ದೀಕ್ಷಾಸ್ನಾನವೇನೋ ಆಗಿತ್ತು, ಆದರೆ ಧರ್ಮದ ಮೊದಲ ಪಾಠವನ್ನೂ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೇಪಲ್ಸ್ ಪಟ್ಟಣದಲ್ಲಿ ಬೀದಿಗೊಂದು ದೇವಾಲಯ, ಗುರುಗಳಿಗೆ ಲೆಕ್ಕವಿಲ್ಲ. ಕೆಲವೇ ಹರದಾರಿ ದೂರದ ಬೆಟ್ಟದಲ್ಲಿ ಒಬ್ಬರೂ ಇಲ್ಲ. ಇದು ಅವರ ಮನಸ್ಸನ್ನು ಕೊರೆಯಿತು.

1732ರ ನವೆಂಬರ್ 9ರಂದು ಸ್ಕಾಲದಲ್ಲಿ ಹೊಸ ಸಭೆ ಶುರುವಾಯಿತು. ಅದರ ಹಿಂದೆ ಒಬ್ಬ ಹೆಣ್ಣುಮಗಳ ಪ್ರೇರಣೆಯೂ ಇತ್ತು. ಅಲ್ಲಿನ ಕನ್ಯಾಮಠದಲ್ಲಿದ್ದ ಮರಿಯ ಚೆಲೆಸ್ತೆ ಕ್ರೊಸ್ತರೋಸ ಹೊಸ ಜೀವನನಿಯಮವೊಂದನ್ನು ತಮ್ಮ ಧ್ಯಾನದಲ್ಲಿ ಕಂಡಿದ್ದರು. ಅವರನ್ನು ಮರೆತು ಈ ಕಥೆ ಹೇಳುವುದು ಅನ್ಯಾಯ. 2016ರಲ್ಲಿ ಅವರನ್ನು ಪುನೀತೆ (ಸಂತ ಪದವಿಗೆ ಮುಂಚಿನ ಮೆಟ್ಟಿಲು) ಎಂದು ಘೋಷಿಸಲಾಯಿತು. ಆರಂಭದ ಜೊತೆಗಾರರು ಬಹುಬೇಗ ಭಿನ್ನಾಭಿಪ್ರಾಯದಿಂದ ಬಿಟ್ಟುಹೋದರು, ಅಲ್ಫೋನ್ಸಸ್ ಹೆಚ್ಚುಕಡಿಮೆ ಒಂಟಿಯಾದರು. ಆದರೂ ಬಿಡಲಿಲ್ಲ. 1749ರಲ್ಲಿ 14ನೇ ಬೆನೆಡಿಕ್ಟ್ ಜಗದ್ಗುರುಗಳು, ಅಂದರೆ ಪೋಪ್, ಸಭೆಗೆ ಒಪ್ಪಿಗೆ ಕೊಟ್ಟರು.

## ಧರ್ಮಾಧ್ಯಕ್ಷರಾಗಿ

ಬಿಷಪ್ ಆಗೋದಕ್ಕೆ ಒಪ್ಪಲೇ ಇಲ್ಲವಂತೆ, ಹೌದಾ?

ಹೌದು, ಅದೂ ಒಂದು ಸಲವಲ್ಲ. 1747ರಲ್ಲಿ ರಾಜ ಚಾರ್ಲ್ಸ್ ಇವರನ್ನು ಪಲೆರ್ಮೊದ ಮಹಾಧರ್ಮಾಧ್ಯಕ್ಷರನ್ನಾಗಿ ಮಾಡಬೇಕೆಂದಾಗ ಬೇಡಿಕೊಂಡು ತಪ್ಪಿಸಿಕೊಂಡರು. 1762ರಲ್ಲಿ ಸಾಂತ್ ಆಗಾತ ದೇ ಗೋತಿಗೆ ನೇಮಕದ ಪತ್ರ ಬಂದಾಗಲೂ ವಯಸ್ಸು, ಕಾಯಿಲೆ, ಸಭೆಯ ವ್ರತ ಎಲ್ಲವನ್ನೂ ಮುಂದಿಟ್ಟು ಬೇಡವೆಂದು ಬರೆದರು. ಆದರೆ 13ನೇ ಕ್ಲೆಮೆಂಟ್ ಜಗದ್ಗುರುಗಳು ಕೋರಿಕೆ ಬಿಟ್ಟು ಆಜ್ಞೆಯನ್ನೇ ಕೊಟ್ಟರು. ವಿಧೇಯತೆಯ ವ್ರತ ತೊಟ್ಟವರಿಗೆ ಆಮೇಲೆ ಮಾತಿಲ್ಲ. ಆ ಆಘಾತಕ್ಕೆ ಜ್ವರ ಬಂದು ಮಲಗಿದರು. ಚೇತರಿಸಿಕೊಂಡು ರೋಮ್‌ಗೆ ಹೋಗಿ, 1762ರ ಜೂನ್ 20ರಂದು ಧರ್ಮಾಧ್ಯಕ್ಷ ದೀಕ್ಷೆ ಪಡೆದರು. ಆಗ 65 ವರ್ಷ ದಾಟಿತ್ತು.

ಅವರಿಗೆ ಸಿಕ್ಕ ಧರ್ಮಕ್ಷೇತ್ರ ಹೇಗಿತ್ತು? ಹೋದ ಕೂಡಲೇ ಏನು ಮಾಡಿದರು?

ನೇಪಲ್ಸ್ ಮತ್ತು ಬೆನೆವೆಂತೊ ನಡುವೆ, ಬಂಡೆಯ ಅಂಚಿನ ಮೇಲೆ ಕಟ್ಟಿದ ಊರು. ಸುತ್ತಮುತ್ತಲಿನ ಹಳ್ಳಿಗಳೂ ಸೇರಿ 30 ಸಾವಿರಕ್ಕೂ ಹೆಚ್ಚು ಜನ. ಅಷ್ಟಕ್ಕೆ ಸುಮಾರು 400 ಗುರುಗಳು, 17 ಮಠಗಳು. ಗುರುಗಳಿಗೆ ಬರವಿರಲಿಲ್ಲ, ಕಾಳಜಿಗೆ ಬರವಿತ್ತು. ಹಲವರು ಆದಾಯಕ್ಕಾಗಿ ಮಾತ್ರ ಗುರುವಾಗಿದ್ದರು, ಕೆಲವರ ನಡತೆಯೂ ನೆಟ್ಟಗಿರಲಿಲ್ಲ.

ಅಲ್ಫೋನ್ಸಸ್ ಕೈ ಹಾಕಿದ್ದು ಬುಡಕ್ಕೆ. ಗುರುಮಠದಲ್ಲಿ ಯಾರನ್ನು ಸೇರಿಸಿಕೊಳ್ಳಬೇಕು, ಏನು ಕಲಿಸಬೇಕು ಎಂಬುದನ್ನು ಬಿಗಿ ಮಾಡಿದರು. ಇಡೀ ಧರ್ಮಕ್ಷೇತ್ರವನ್ನು ಎರಡು ವರ್ಷಕ್ಕೊಮ್ಮೆ ಸುತ್ತಿ ಬಂದರು, ಊರೂರಲ್ಲಿ ಧರ್ಮಪ್ರಚಾರ ಕೂಟ ನಡೆಸಿದರು. ಶಿಫಾರಸು ತಂದವರಿಗೆ ಧರ್ಮಕೇಂದ್ರ ಕೊಡಲು ಒಪ್ಪಲಿಲ್ಲ. ಅರಮನೆಯಂಥ ನಿವಾಸದಲ್ಲಿ ಮಠದ ಸನ್ಯಾಸಿಯಂತೆಯೇ ಉಳಿದರು. ಬಾಗಿಲು ಬಡವರಿಗೆ ತೆರೆದಿರುತ್ತಿತ್ತು.

ಗಡಿಬಿಡಿಯಲ್ಲಿ ಪೂಜೆ ಮುಗಿಸುವ ಸ್ವಾಮಿಗಳನ್ನು ಅಮಾನತು ಮಾಡಿದ್ದರು ಅಂತ ಕೇಳಿದ್ದೇನೆ. ಅಷ್ಟು ಕಟ್ಟುನಿಟ್ಟಾ?

ನಿಜ. ಕಾಲು ಗಂಟೆಯೊಳಗೆ ಬಲಿಪೂಜೆ (ಮಾಸ್) ಮುಗಿಸುವವರನ್ನು ಪೂಜೆ ಅರ್ಪಿಸದಂತೆ ತಡೆದರು. ಗಡಿಬಿಡಿಯ ಪೂಜೆಯ ವಿರುದ್ಧ ಪ್ರತ್ಯೇಕ ಬರಹವನ್ನೂ ಬರೆದರು. ಪಾಪ ಹೇಳಿಕೊಂಡು ಕ್ಷಮೆ ಬೇಡುವ ಪಾಪನಿವೇದನೆಗೆ ಬಂದ ಕೂಲಿಯವನೊಂದಿಗೆ ಅಷ್ಟು ಮೃದುವಾಗಿದ್ದವರು ಗುರುಗಳ ವಿಷಯದಲ್ಲಿ ಗಟ್ಟಿಯಾಗಿದ್ದರು. ಹೆಚ್ಚು ತಿಳಿದವರಿಂದ ಹೆಚ್ಚು ಕೇಳಬೇಕು ಎನ್ನುವುದು ಅವರ ಲೆಕ್ಕ. ಇದು ನನಗೆ ಬಹಳ ಹಿಡಿಸಿದ ಗುಣ. ಸಾಮಾನ್ಯವಾಗಿ ಅಧಿಕಾರದಲ್ಲಿರುವವರು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತಾರೆ.

ಬರಗಾಲದಲ್ಲಿ ತಮ್ಮ ಉಂಗುರವನ್ನೇ ಮಾರಿದರಂತೆ. ಆ ಕಥೆ ಏನು?

1763ರ ಕೊನೆಯಿಂದ 1764ರವರೆಗೆ ನೇಪಲ್ಸ್ ರಾಜ್ಯವನ್ನು ಭೀಕರ ಕ್ಷಾಮ ಹಿಡಿಯಿತು. ಬೆಳೆ ಕೈಕೊಟ್ಟಿತು, ಇದ್ದ ಧಾನ್ಯ ಬಚ್ಚಿಟ್ಟವರ ಪಾಲಾಯಿತು. ಹಸಿದವರು ಧರ್ಮಾಧ್ಯಕ್ಷರ ನಿವಾಸದ ಮುಂದೆ ಸಾಲುಗಟ್ಟಿದರು. ಅಲ್ಫೋನ್ಸಸ್ ಮೊದಲು ಕೈಯಲ್ಲಿದ್ದ ಹಣ ಖರ್ಚು ಮಾಡಿದರು, ಆಮೇಲೆ ಸಾಲ ತಂದರು. ಅದೂ ಸಾಲದೆ ಸಾರೋಟು ಮತ್ತು ಹೇಸರಗತ್ತೆಗಳನ್ನು ಮಾರಿದರು. ಕೊನೆಗೆ ಧರ್ಮಾಧ್ಯಕ್ಷರ ಉಂಗುರ, ಎದೆಯ ಮೇಲಿನ ಶಿಲುಬೆ ಎರಡೂ ಹೋದವು.

ಒಂದು ದಿನ ಊರಿನ ಆಡಳಿತಾಧಿಕಾರಿಯೇ ಧಾನ್ಯ ತಡೆದಿಟ್ಟಿದ್ದಾನೆಂದು ಜನ ಅವನನ್ನು ಕೊಲ್ಲಲು ನುಗ್ಗಿದರು. ಧರ್ಮಾಧ್ಯಕ್ಷರು ನಡುವೆ ನಿಂತು, ಅವನ ಪ್ರಾಣಕ್ಕೆ ಬದಲು ನನ್ನದನ್ನು ತೆಗೆದುಕೊಳ್ಳಿ ಎಂದರು. ಮುಂದಿನ ಎರಡು ದಿನಕ್ಕೆ ಇಟ್ಟಿದ್ದ ಆಹಾರವನ್ನು ಅಲ್ಲೇ ಹಂಚಿಬಿಟ್ಟರು. ಗುಂಪು ಕರಗಿತು. ನಾಳೆಗೇನು ಎಂಬ ಪ್ರಶ್ನೆ ಉಳಿದೇ ಇತ್ತು, ಆದರೆ ಅಂದು ಒಂದು ಕೊಲೆ ತಪ್ಪಿತು.

ಪಟಗಳಲ್ಲಿ ಅವರ ಕತ್ತು ಯಾಕೆ ಅಷ್ಟು ಬಗ್ಗಿರುತ್ತದೆ?

ಅನೇಕರು ಅದನ್ನು ಭಕ್ತಿಯ ಭಂಗಿ ಎಂದುಕೊಳ್ಳುತ್ತಾರೆ. ಅದು ಕಾಯಿಲೆ. 1768ರ ಮೇ ತಿಂಗಳಲ್ಲಿ ಕೀಲುಜ್ವರ ಹಿಡಿದು, ವರ್ಷಕ್ಕೂ ಮಿಕ್ಕಿ ಹಾಸಿಗೆಯಲ್ಲೇ ನರಳಿದರು. ಎದ್ದಾಗ ಬೆನ್ನೆಲುಬು ಬಾಗಿ ತಲೆ ಎದೆಗೆ ಒತ್ತಿಕೊಂಡಿತ್ತು. ಗದ್ದ ಒತ್ತಿ ಒತ್ತಿ ಎದೆಯ ಮೇಲೆ ಹುಣ್ಣೇ ಆಗಿತ್ತು. ಊಟದ ಹೊತ್ತಿನಲ್ಲಿ ನೀರನ್ನು ಕೊಳವೆಯಿಂದ ಹೀರಬೇಕಿತ್ತು. ಬಲಿಪೂಜೆಯಲ್ಲಿ ದ್ರಾಕ್ಷಾರಸದ ಪಾತ್ರೆ ಎತ್ತಿ ಕುಡಿಯಲಾಗದು, ಹಾಗಾಗಿ ಪೂಜೆಯೇ ನಿಂತುಹೋಗಿತ್ತು. ಆಗಸ್ಟೀನಿಯನ್ ಮಠದ ಹಿರಿಯರೊಬ್ಬರು ಉಪಾಯ ಹೇಳಿಕೊಟ್ಟರು: ಕುರ್ಚಿಗೆ ಒರಗಿ ಕೂತು, ಪೀಠಸೇವಕನ ಆಸರೆ ಪಡೆದರೆ ಪಾತ್ರೆ ತುಟಿಗೆ ಸಿಗುತ್ತದೆ. ಹಾಗೇ ಮತ್ತೆ ಪೂಜೆ ಶುರು ಮಾಡಿದರು. ತಲೆನೋವು ಬಂದರೆ ತಣ್ಣನೆಯ ಅಮೃತಶಿಲೆಯ ತುಂಡನ್ನು ಒಂದು ಕೈಯಿಂದ ಹಣೆಗೆ ಒತ್ತಿಕೊಂಡು ಇನ್ನೊಂದು ಕೈಯಿಂದ ಬರೆಯುತ್ತಿದ್ದರು. ಒಂದು ಕ್ಷಣವನ್ನೂ ವ್ಯರ್ಥ ಮಾಡುವುದಿಲ್ಲವೆಂಬ ವ್ರತ ತೊಟ್ಟಿದ್ದವರು ಅವರು.

ಇಷ್ಟು ಕಾಯಿಲೆ ಇದ್ದರೂ ರಾಜೀನಾಮೆ ಕೊಡಲಿಲ್ಲವೇ?

ಕೊಟ್ಟರು, ಆದರೆ ಇಬ್ಬರು ಜಗದ್ಗುರುಗಳು ಸ್ವೀಕರಿಸಲಿಲ್ಲ. ಹಾಸಿಗೆಯಿಂದ ಅವರು ಮಾಡುವ ಪ್ರಾರ್ಥನೆಯೇ ಸಾಕು ಎನ್ನುವುದು 14ನೇ ಕ್ಲೆಮೆಂಟ್ ಅವರ ನಿಲುವಾಗಿತ್ತು. 1775ರಲ್ಲಿ 6ನೇ ಪಯಸ್ ಬಂದ ಮೇಲೆ ಬಿಡುಗಡೆ ಸಿಕ್ಕಿತು. ನೊಚೇರದ ಹತ್ತಿರದ ಪಗಾನಿಯಲ್ಲಿದ್ದ ತಮ್ಮ ಸಭೆಯ ಮನೆಗೆ ಮರಳಿದರು.

## ಇನ್ನೂ ಆಳಕ್ಕೆ ಹೋಗುವವರಿಗೆ

ಪಾಪನಿವೇದನೆಯನ್ನು ಸುಲಭ ಮಾಡಿದವರು ಅನ್ನುತ್ತಾರೆ. ಅವರ ನೈತಿಕ ದೈವಶಾಸ್ತ್ರದ ತಿರುಳೇನು?

ಸುಲಭ ಮಾಡಿದರು ಎನ್ನುವುದಕ್ಕಿಂತ ನ್ಯಾಯ ಒದಗಿಸಿದರು ಎನ್ನಬೇಕು. 18ನೇ ಶತಮಾನದಲ್ಲಿ ಜಾನ್ಸೆನಿಸಂ ಎಂಬ ಕಟ್ಟುನಿಟ್ಟಿನ ಧಾರ್ಮಿಕ ಚಳವಳಿಯ ಪ್ರಭಾವದಿಂದ ಕಠಿಣ ಪಂಥ ಬಲವಾಗಿತ್ತು. ಗುರುಗಳು ಪಾಪಕ್ಷಮೆಯನ್ನು ತಿಂಗಳುಗಟ್ಟಲೆ ಮುಂದೂಡುತ್ತಿದ್ದರು, ಪರಮಪ್ರಸಾದಕ್ಕೆ ಹತ್ತಿರ ಸೇರಿಸುತ್ತಿರಲಿಲ್ಲ. ಅಲ್ಫೋನ್ಸಸ್ ಸ್ವತಃ ಗುರುಮಠದಲ್ಲಿ ಕಲಿತದ್ದು ಆ ಕಠಿಣ ಪಾಠವನ್ನೇ. ಹಳ್ಳಿಗಳಲ್ಲಿ ಪಾಪನಿವೇದನೆ ಕೇಳುತ್ತಾ ಕೇಳುತ್ತಾ ಅದು ಬಡವರನ್ನು ದೇವರಿಂದ ದೂರ ಓಡಿಸುವುದನ್ನು ಕಂಡರು. ಇನ್ನೊಂದು ಕಡೆ, ಯಾವ ಸಣ್ಣ ನೆಪ ಸಿಕ್ಕರೂ ಬಿಟ್ಟುಬಿಡಿ ಎನ್ನುವ ಸಡಿಲ ಪಂಥವೂ ಇತ್ತು. ಅದನ್ನೂ ಒಪ್ಪಲಿಲ್ಲ.

ಅವರು ಹಿಡಿದ ದಾರಿಗೆ ಸಮಸಂಭಾವ್ಯತಾವಾದ ಎನ್ನಬಹುದು. ನಮ್ಮ ಕಡೆಯ ಹರಕೆಯನ್ನೇ ತೆಗೆದುಕೊಳ್ಳಿ. ಹರಕೆ ಹೊತ್ತಿದ್ದೇನೋ ಇಲ್ಲವೋ ಎಂದು ಒಬ್ಬರಿಗೆ ಅನುಮಾನ, ಎರಡೂ ಕಡೆ ಸಮವಾದ ಕಾರಣಗಳಿವೆ. ಹಾಗಿದ್ದರೆ ಅವರಿಗೆ ಹರಕೆಯ ಕಟ್ಟು ಇಲ್ಲ, ಏಕೆಂದರೆ ಮೊದಲಿಂದ ಇದ್ದದ್ದು ಸ್ವಾತಂತ್ರ್ಯ. ಹೊತ್ತಿದ್ದು ಖಚಿತ, ತೀರಿಸಿದ್ದೇನೋ ಇಲ್ಲವೋ ಎಂಬುದು ಅನುಮಾನ ಎಂದಾದರೆ ತೀರಿಸಲೇಬೇಕು, ಏಕೆಂದರೆ ಅಲ್ಲಿ ಮೊದಲಿಂದ ಇದ್ದದ್ದು ಹರಕೆ. ಸ್ವಾಧೀನದಲ್ಲಿ ಇರುವವರ ಪಕ್ಷ ಮೇಲು ಎಂಬ ಆಸ್ತಿ ಕಾನೂನಿನ ಸೂತ್ರವೇ ಇದು. ಕೋರ್ಟು ಬಿಟ್ಟ 25 ವರ್ಷಗಳ ನಂತರ, 1748ರಲ್ಲಿ, ಅವರ ನೈತಿಕ ದೈವಶಾಸ್ತ್ರದ ಗ್ರಂಥದ ಮೊದಲ ಆವೃತ್ತಿ ಬಂತು. ಅಲ್ಲಿಂದ ಮುಂದೆ ಆವೃತ್ತಿಯಿಂದ ಆವೃತ್ತಿಗೆ ತಿದ್ದುತ್ತಾ, 1762ರ ಹೊತ್ತಿಗೆ ಈ ಸೂತ್ರಕ್ಕೆ ಸ್ಪಷ್ಟ ರೂಪ ಕೊಟ್ಟರು. ವಕೀಲರ ಬುದ್ಧಿ ಕೊನೆಗೂ ಉಪಯೋಗಕ್ಕೆ ಬಂದದ್ದು ಡ್ಯೂಕ್‌ಗಳಿಗಲ್ಲ, ಪಾಪನಿವೇದನೆಯ ಪೆಟ್ಟಿಗೆಯ ಮುಂದೆ ಮಂಡಿಯೂರಿದ ಬಡವರಿಗೆ. ಕಠಿಣ ಪಂಥದ ಡೊಮಿನಿಕನ್ ಪಂಡಿತ ಪತುತ್ಸಿ ಇದನ್ನು ಬಲವಾಗಿ ಖಂಡಿಸಿದರು, ಇವರೂ ಬಿಡದೆ ಉತ್ತರ ಬರೆದರು.

ರಾಜರ ಸರ್ಕಾರಕ್ಕೂ ಇವರ ಸಭೆಗೂ ಯಾಕೆ ಅಷ್ಟು ತಿಕ್ಕಾಟ?

ನೇಪಲ್ಸ್‌ನ ಮಂತ್ರಿ ಬೆರ್ನಾರ್ದೊ ತನುಚ್ಚಿಗೆ ಧರ್ಮಸಭೆಯ ಮೇಲೂ ಅರಸರ ಹಿಡಿತ ಇರಬೇಕೆಂಬ ಹಟ. ಹೊಸ ಧಾರ್ಮಿಕ ಸಭೆಗಳನ್ನು ಕಂಡರೆ ಆಗುತ್ತಿರಲಿಲ್ಲ. ರೋಮ್ ಒಪ್ಪಿದ್ದ ರೆಡೆಂಪ್ಟರಿಸ್ಟ್ ನಿಯಮಕ್ಕೆ ಅರಮನೆ ಪೂರ್ತಿ ಒಪ್ಪಿಗೆ ಕೊಡಲೇ ಇಲ್ಲ. 1767ರಲ್ಲಿ ಯೇಸುಸಭೆಯವರನ್ನು (ಜೆಸ್ವಿಟರನ್ನು) ರಾಜ್ಯದಿಂದ ಹೊರಹಾಕಲಾಯಿತು, 1773ರಲ್ಲಿ ರೋಮ್ ಆ ಸಭೆಯನ್ನೇ ವಿಸರ್ಜಿಸಿತು. ರೆಡೆಂಪ್ಟರಿಸ್ಟರು ವೇಷ ಬದಲಿಸಿದ ಯೇಸುಸಭೆಯವರೇ ಎಂದು ವಿರೋಧಿಗಳು ದೂರಿದರು. ಇವರ ಮನೆಗಳ ಮೇಲೂ ಕೇಸುಗಳು ಬಿದ್ದವು.

ತಾವೇ ಕಟ್ಟಿದ ಸಭೆಯಿಂದ ಹೊರಗೆ ಬಿದ್ದರು ಅನ್ನುವುದು ನಿಜವೇ?

ನಿಜ. ಅವರ ಬಾಳಿನ ಅತ್ಯಂತ ನೋವಿನ ಅಧ್ಯಾಯ ಇದೇ. ಅರಸರ ಒಪ್ಪಿಗೆ ತರಲು ಕಳಿಸಿದ್ದ ಅವರದೇ ಸಭೆಯವರು, ಅಧಿಕಾರಿಗಳಿಗೆ ಹಿಡಿಸುವಂತೆ ನಿಯಮವನ್ನೇ ಬದಲಿಸಿಬಿಟ್ಟರು. ಅಲ್ಫೋನ್ಸಸ್‌ಗೆ ಆಗ 83 ವರ್ಷ, ಕಣ್ಣು ಮಂಜು, ಕಿವಿ ಮಂದ. ಚಿಕ್ಕ ಅಕ್ಷರದ, ಹೊಡೆದು ತಿದ್ದಿದ ಆ ಕಾಗದವನ್ನು ಪೂರ್ತಿ ಓದಲಾಗದೆ, ತಮ್ಮವರ ಮಾತು ನಂಬಿ ಸಹಿ ಹಾಕಿದರು. 1780ರಲ್ಲಿ ಅದು ಬಯಲಾದಾಗ ರೋಮ್ ಕೆರಳಿತು. ನೇಪಲ್ಸ್‌ನ ಮನೆಗಳನ್ನು ಸಭೆಯಿಂದ ಬೇರ್ಪಡಿಸಿ, ಜಗದ್ಗುರುಗಳೇ ಆಳುತ್ತಿದ್ದ ರಾಜ್ಯದಲ್ಲಿದ್ದ ಮನೆಗಳೇ ನಿಜವಾದ ಸಭೆ ಎಂದು 6ನೇ ಪಯಸ್ ತೀರ್ಪಿತ್ತರು. ಸ್ಥಾಪಕರು ಹೊರಗೆ ಉಳಿದರು.

ಅವರು ಜಗದ್ಗುರುಗಳ ವಿರುದ್ಧ ಒಂದು ಮಾತನ್ನೂ ಆಡಲಿಲ್ಲ. ದೇವರ ಚಿತ್ತ ಎಂದು ಒಪ್ಪಿಕೊಂಡರು. ಅದರ ಮೇಲೆ ಕೊನೆಯ ವರ್ಷಗಳಲ್ಲಿ ಪಾಪಶಂಕೆಯ ಕಾಟವೂ ಶುರುವಾಯಿತು. ಸಾವಿರಾರು ಜನರ ಮನಸ್ಸಿಗೆ ಸಮಾಧಾನ ಹೇಳಿದವರು ತಾನು ಏನಾದರೂ ಪಾಪ ಮಾಡಿದೆನೇ ಎಂದು ಹಗಲುರಾತ್ರಿ ತಳಮಳಿಸಿದರು. ತಮ್ಮ ಗುರುವಿನ ಮಾತಿಗೆ ವಿಧೇಯರಾಗಿರುವುದೊಂದೇ ಅವರಿಗಿದ್ದ ಆಸರೆ. 91 ತುಂಬಲು ಎರಡು ತಿಂಗಳಿಗೂ ಕಡಿಮೆ ಇರುವಾಗ, ಮಧ್ಯಾಹ್ನದ ತ್ರಿಕಾಲ ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ, ಪಗಾನಿಯಲ್ಲಿ ಪ್ರಾಣ ಬಿಟ್ಟರು. ಸಭೆ ಮತ್ತೆ ಒಂದಾದದ್ದು 1793ರಲ್ಲಿ.

ಒಂದೇ ಹೊತ್ತಿಗೆ ಎರಡು ಕಡೆ ಇದ್ದರು ಎಂಬ ಪವಾಡವನ್ನು ನಂಬಬೇಕಾ?

ಕಥೆ ಹೀಗಿದೆ. 1774ರ ಸೆಪ್ಟೆಂಬರ್ 21ರಂದು ಅರಿಯೆನ್ಸೊದ ನಿವಾಸದಲ್ಲಿ ಅವರು ಕುರ್ಚಿಯಲ್ಲಿ ಕುಳಿತವರು ಮರುದಿನದವರೆಗೆ ಅಲ್ಲಾಡಲಿಲ್ಲ. ಎಚ್ಚರವಾದಾಗ, ಸಾಯುತ್ತಿದ್ದ ಜಗದ್ಗುರುಗಳ ಬಳಿ ಇದ್ದೆ ಎಂದರು. 14ನೇ ಕ್ಲೆಮೆಂಟ್ ರೋಮ್‌ನಲ್ಲಿ ತೀರಿಕೊಂಡದ್ದು ಸೆಪ್ಟೆಂಬರ್ 22ರಂದು. ಸುತ್ತಲಿದ್ದವರ ಸಾಕ್ಷ್ಯದಿಂದ ಬಂದ ಕಥೆ ಇದು. ಇಂಥವನ್ನು ನಂಬಲೇಬೇಕೆಂದು ಧರ್ಮಸಭೆ ಯಾರನ್ನೂ ಒತ್ತಾಯಿಸುವುದಿಲ್ಲ. ನಾನು ಮಕ್ಕಳಿಗೆ ಮೊದಲು ಬರಗಾಲದ ಕಥೆ ಹೇಳುತ್ತೇನೆ, ಇದನ್ನು ಕೇಳಿದರೆ ಮಾತ್ರ ಹೇಳುತ್ತೇನೆ.

ಸಂತ ಪದವಿ ಯಾವಾಗ ಸಿಕ್ಕಿತು? ಧರ್ಮಸಭೆಯ ಪಂಡಿತರು ಅಂತಲೂ ಕರೆಯುತ್ತಾರಲ್ಲ?

1816ರಲ್ಲಿ ಪುನೀತ ಪದವಿ, 1839ರಲ್ಲಿ ಸಂತ ಪದವಿ. 1871ರಲ್ಲಿ 9ನೇ ಪಯಸ್ ಅವರನ್ನು ಧರ್ಮಸಭೆಯ ಪಂಡಿತರೆಂದು ಸಾರಿದರು. ಸತ್ತು ಬರೀ 84 ವರ್ಷಕ್ಕೆ ಆ ಗೌರವ ಬಂದದ್ದು ವಿಶೇಷ. 1950ರಲ್ಲಿ 12ನೇ ಪಯಸ್ ಅವರನ್ನು ಪಾಪನಿವೇದನೆ ಕೇಳುವ ಗುರುಗಳ ಮತ್ತು ನೈತಿಕ ದೈವಶಾಸ್ತ್ರಜ್ಞರ ಪಾಲಕ ಸಂತರನ್ನಾಗಿ ಮಾಡಿದರು.

ನಮ್ಮ ಕರ್ನಾಟಕಕ್ಕೂ ಇವರಿಗೂ ಏನಾದರೂ ಸಂಬಂಧ ಇದೆಯಾ?

ಅವರು ಇತ್ತ ಬಂದವರಲ್ಲ, ಅವರ ಸಭೆಯವರು ಬಂದಿದ್ದಾರೆ. ಬೆಂಗಳೂರಿನ ಡೇವಿಸ್ ರಸ್ತೆಯ ಪವಿತ್ರಾತ್ಮರ ದೇವಾಲಯ ರೆಡೆಂಪ್ಟರಿಸ್ಟ್ ಗುರುಗಳದ್ದು. ನಮ್ಮಲ್ಲಿ ಅನೇಕ ಕಡೆ ನಡೆಯುವ ನಿತ್ಯಾಧಾರ ಮಾತೆಯ (ಮಾತೆ ಮರಿಯಳ) ನೊವೇನಾ ಪ್ರಾರ್ಥನೆಯನ್ನು ಲೋಕದಾದ್ಯಂತ ಹರಡಿದವರೂ ಇದೇ ಸಭೆಯವರು. 1866ರಲ್ಲಿ 9ನೇ ಪಯಸ್ ಆ ಮಾತೆಯ ಪಟವನ್ನು ರೋಮ್‌ನಲ್ಲಿರುವ ಈ ಸಭೆಯವರ ದೇವಾಲಯಕ್ಕೆ ಒಪ್ಪಿಸಿದ್ದರು.

ಅವರು ಬರೆದದ್ದರಲ್ಲಿ ಮೊದಲು ಯಾವುದನ್ನು ಓದಲಿ?

ನೈತಿಕ ದೈವಶಾಸ್ತ್ರದ ಗ್ರಂಥ ಗುರುಗಳಿಗೆಂದೇ ಬರೆದದ್ದು, ಅದರಿಂದ ಶುರು ಮಾಡಬೇಡಿ. ಮಾತೆ ಮರಿಯಳ ಮಹಿಮೆಯನ್ನು ಕುರಿತ 1750ರ ಗ್ರಂಥ ಬಹಳ ಪ್ರಸಿದ್ಧ, ಆದರೆ ದೊಡ್ಡದು. ಯೇಸುಕ್ರಿಸ್ತರನ್ನು ಪ್ರೀತಿಸುವ ಬಗೆಯನ್ನು ಕುರಿತು 1768ರಲ್ಲಿ ಪ್ರಕಟವಾದ ಪುಸ್ತಕವನ್ನು ಕೈಗೆತ್ತಿಕೊಳ್ಳಿ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯವನ್ನು ಸಾಲುಸಾಲಾಗಿ ಬಿಡಿಸುತ್ತಾ ಹೋಗುವ ಪುಸ್ತಕ ಅದು. ಬೈಬಲಿನ ಆ ಅಧ್ಯಾಯವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ದಿನಕ್ಕೆ ಎರಡು ಮೂರು ಪುಟದಂತೆ ನಿಧಾನವಾಗಿ ಓದಿ.